ಮೂರನೆಯ ಪಾಯಿಂಟ್

ಪಟ್ಟಿಯಲ್ಲಿ ನನ್ನ ಹೆಸರಿಲ್ಲ ಎಂಬ ಕಾರಣಕ್ಕೆ ಅಪ್ಪ ನನ್ನ ಎಡಗೆನ್ನೆಗೆ ಹೊಡೆದದ್ದು ಒಂದು ಸೋಮವಾರ ಬೆಳಿಗ್ಗೆ, ತಿಂಡಿಯ ಹೊತ್ತಿನಲ್ಲಿ. ಆಗ ನನಗೆ ಹತ್ತೊಂಬತ್ತು. ಸ್ವಲ್ಪ ದಿನಗಳ ಹಿಂದಷ್ಟೇ ಹೊರರಾಜ್ಯದ ಊರೊಂದರಲ್ಲಿ ನಡೆದ ವೃತ್ತಿಪರ ಟೆನಿಸ್ ಟೂರ್ನಿಯಲ್ಲಿ ಮೊದಲ ಸುತ್ತು ಗೆದ್ದು, ನನ್ನ ಜೀವನದ ಮೊದಲ ರ್‍ಯಾಂಕಿಂಗ್ ಪಾಯಿಂಟ್ ತಂದಿದ್ದೆ. ಅತ್ಯಂತ ಕೆಳಗಿನ ದರ್ಜೆಯ ಟೂರ್ನಿ ಅದು. ಮೊದಲ ಸುತ್ತು ಸೋತರೆ ಸೊನ್ನೆ, ಗೆದ್ದರೆ ಒಂದು. ಆ ಒಂದು ಪಾಯಿಂಟಿಗಾಗಿ ನಾನು ಹನ್ನೆರಡು ವರ್ಷ ಚೆಂಡು ಹೊಡೆದಿದ್ದೆ.

ಅಪ್ಪ ಇಡ್ಲಿ ತಟ್ಟೆಯನ್ನು ಪಕ್ಕಕ್ಕಿಟ್ಟು ಫೋನಿನಲ್ಲಿ ವಿಶ್ವ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಹೆಬ್ಬೆರಳಿನಲ್ಲಿ ಉಜ್ಜುತ್ತಾ ಹೋದರು. ಸಾವಿರಕ್ಕೂ ಮೀರಿದ ಹೆಸರುಗಳು. ಕೊನೆಯ ಸಾಲು ಮುಟ್ಟಿ ಮತ್ತೆ ಮೇಲಕ್ಕೆ ಹೋದರು.

"ಎಲ್ಲೈತಮ್ಮಿ ನಿನ್ನೆಸ್ರು?"

"ಇನ್ನೂ ಬರಲ್ಲ ಅಪ್ಪ. ಮೂರು ಟೂರ್ನಮೆಂಟಲ್ಲಿ ಪಾಯಿಂಟ್ ತಗೋಬೇಕು. ಆಮೇಲೆ ಪಟ್ಟಿಗೆ ಹಾಕ್ತಾರೆ."

"ಆ ಆಚೆ ಬೀದಿ ಉಡುಗನ್ಗೆ ಒಂದೇ ಪಾಯಿಂಟ್ಗೆ ಎಸ್ರು ಬಂತಲ್ಲ?"

"ಹುಡುಗರಿಗೆ ಒಂದು ಸಾಕು. ಹುಡುಗೀರಿಗೆ ಬೇರೆ ರೂಲು. ಒಂದೇ ಸಲ ಹತ್ತು ಬಂದ್ರೆ ಸರಿ, ಇಲ್ಲಾಂದ್ರೆ ಮೂರು ಬೇರೆ ಬೇರೆ ಕಡೆ ಗೆಲ್ಬೇಕು."

"ಮೊದ್ಲೇ ಯಾಕೆ ಯೋಳ್ಲಿಲ್ಲ? ಊರ್ಗೆಲ್ಲ ಯೋಳ್ಕಂಡ್ ಬಂದಿವ್ನಲ್ಲೇ ನಾನು!"

ಉತ್ತರಕ್ಕೆ ಅವರು ಕಾಯಲಿಲ್ಲ. ನಾನು ಕುರ್ಚಿಯಿಂದ ಜಾರಿ ಗೋಡೆಗೆ ಬಡಿದುಕೊಂಡೆ. ಕಿವಿಯೊಳಗೆ ಸಿಳ್ಳೆಯಂಥ ಸದ್ದು ಶುರುವಾಗಿ, ಸಂಜೆಯ ಹೊತ್ತಿಗೆ ತೆಳ್ಳಗಿನ ನೀರು ಸೋರತೊಡಗಿತು. ಕಿವಿಯ ತಮಟೆ ಹರಿದಿದೆ ಎಂದ ಡಾಕ್ಟರಿಗೆ ನಾನು ಹೇಳಿದ್ದು, "ಚೆಂಡು ಬಡೀತು ಸಾರ್." ನನ್ನ ಆಟ ನನಗೆ ಕೊಟ್ಟ ದೊಡ್ಡ ಅನುಕೂಲ ಇದೇ. ಮೈಮೇಲಿನ ಯಾವ ಗಾಯಕ್ಕೂ ಅದರಲ್ಲಿ ಒಂದು ಕಾರಣ ಸಿಗುತ್ತಿತ್ತು.

ನಾವು ಪೀಣ್ಯದವರು. ಕಾರ್ಖಾನೆಗಳು ಬರುವುದಕ್ಕಿಂತ ಮುಂಚಿನ ಪೀಣ್ಯದವರು. ತಾತನ ರಾಗಿ ಹೊಲವನ್ನು ಕಾರ್ಖಾನೆಗಳಿಗೆಂದು ಕಿತ್ತುಕೊಂಡು ಶೆಡ್ಡುಗಳನ್ನು ಕಟ್ಟಿದ್ದರು. ಉಳಿದ ತುಂಡಿನಲ್ಲಿ ನಮ್ಮ ಮನೆ, ಮನೆಯ ಹಿಂದೆ ಬಾಡಿಗೆಗೆ ಕೊಟ್ಟ, ತಗಡು ಕತ್ತರಿಸುವ ಒಂದು ಪ್ರೆಸ್ ಶಾಪು, ಅದಕ್ಕೂ ಹಿಂದೆ ಅಪ್ಪ ತಾವೇ ನಿಂತು ಹಾಕಿಸಿದ ಸಿಮೆಂಟಿನ ಟೆನಿಸ್ ಕೋರ್ಟು. ಅಪ್ಪ ಚಿಕ್ಕವರಿದ್ದಾಗ ಊರೊಳಗಿನ ದೊಡ್ಡ ಕ್ಲಬ್ಬೊಂದರಲ್ಲಿ ಚೆಂಡು ಹೆಕ್ಕುವ ಕೆಲಸಕ್ಕಿದ್ದರಂತೆ. ಯಾರೂ ಇಲ್ಲದ ಹೊತ್ತು ನೋಡಿ ಒಂದು ದಿನ ಬ್ಯಾಟು ಹಿಡಿದು ಗೋಡೆಗೆ ಹೊಡೆಯುತ್ತಿದ್ದಾಗ ಒಬ್ಬ ಸದಸ್ಯ ಬಂದು ಅದೇ ಬ್ಯಾಟಿನಿಂದ ಅವರ ಬೆನ್ನಿಗೆ ಬಾರಿಸಿದ. ಅದನ್ನು ಅವರು ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಗುರುವಿನಿಂದ ಸಿಕ್ಕ ಮೊದಲ ಪಾಠದಂತೆ ಹೇಳುತ್ತಿದ್ದರು. ಆಮೇಲೆ ಗರಡಿಗೆ ಹೋದರು, ಮೈ ಬೆಳೆಸಿದರು. ನಾನು ಹುಟ್ಟಿದ ಮೇಲೆ, ಗಂಡಾದರೇನು ಹೆಣ್ಣಾದರೇನು, ಇವಳು ಆ ಕ್ಲಬ್ಬಿನ ಮುಂಬಾಗಿಲಿನಿಂದ ಒಳಗೆ ನಡೆದು ಹೋಗಬೇಕು ಎಂದು ನಿರ್ಧರಿಸಿಬಿಟ್ಟರು.

ನನ್ನ ಅಭ್ಯಾಸ ಬೆಳಿಗ್ಗೆ ಐದೂವರೆಗೆ. ಅಪ್ಪ ನೆಟ್ಟಿನ ಆ ಕಡೆ ನಿಂತು ಬುಟ್ಟಿ ತುಂಬ ಚೆಂಡು ಇಟ್ಟುಕೊಂಡು ನನ್ನ ಮೈಗೇ ಗುರಿಯಿಟ್ಟು ಹೊಡೆಯುತ್ತಿದ್ದರು. ಬ್ಯಾಟು ಅಡ್ಡ ಬಂದರೆ ಸರಿ, ಬರದಿದ್ದರೆ ಎದೆಗೆ, ಹೊಟ್ಟೆಗೆ, ತೊಡೆಗೆ. ಎಂಟು ಗಂಟೆಗೆ ಪ್ರೆಸ್ ಶಾಪಿನ ಯಂತ್ರ ತಗಡು ಕತ್ತರಿಸಲು ಶುರು ಮಾಡುತ್ತಿತ್ತು. ಧಡ್, ಧಡ್ ಎಂಬ ಆ ಸದ್ದು ನೆಲದೊಳಗಿಂದ ಅಂಗಾಲಿಗೆ ಏರುತ್ತಿತ್ತು. ಅದು ಶುರುವಾದ ಮೇಲೆ ನಾನು ಅತ್ತರೂ ಯಾರಿಗೂ ಕೇಳುತ್ತಿರಲಿಲ್ಲ. ಆದ್ದರಿಂದ ಅಳುವುದನ್ನು ಎಂಟು ಗಂಟೆಯವರೆಗೆ ತಡೆದಿಟ್ಟುಕೊಳ್ಳುವುದು ನನಗೆ ಅಭ್ಯಾಸವಾಗಿತ್ತು.

ಅಮ್ಮನದು ಬೇರೆಯೇ ದಾರಿ. ನಾನು ಪಂದ್ಯ ಸೋತು ಬಂದ ದಿನ, ಅಪ್ಪ ಗಾಡಿ ನಿಲ್ಲಿಸಿ ಒಳಗೆ ಬರುವುದಕ್ಕೆ ಮುಂಚೆಯೇ ಬಾಗಿಲಲ್ಲಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಬೈಯುತ್ತಾ ನನ್ನ ಬೆನ್ನಿಗೆ ನಾಲ್ಕು ಬಾರಿಸುತ್ತಿದ್ದಳು. ಅಂಗೈ ಗುಳಿ ಮಾಡಿ ಹೊಡೆಯುತ್ತಿದ್ದಳು. ಸದ್ದು ಜೋರು, ನೋವು ಕಡಿಮೆ. ಒಮ್ಮೆ ಕೇಳಿದ್ದಕ್ಕೆ ಹೇಳಿದಳು: "ನಾನು ಮೊದ್ಲು ಒಡುದ್ರೆ ಅವ್ರಿಗೆ ಅರ್ಧ ಒಟ್ಟೆ ತುಂಬ್ತದೆ ಕಣಮ್ಮಿ." ಕೆಲವು ಸಲ ಅದು ಫಲಿಸುತ್ತಿತ್ತು.

ಕಿವಿ ವಾಸಿಯಾಗುವಷ್ಟರಲ್ಲಿ ಅಪ್ಪ ನಿಯಮಗಳನ್ನೆಲ್ಲ ನನ್ನಿಂದಲೇ ಕೇಳಿ ಕಲಿತರು. ಅವರಿಗೆ ಅರ್ಥವೇ ಆಗದಿದ್ದದ್ದು ಒಂದೇ: ಗೆದ್ದ ಪಾಯಿಂಟು ಐವತ್ತೆರಡು ವಾರ ಮಾತ್ರ ಇರುತ್ತದೆ, ಆಮೇಲೆ ತಾನಾಗಿ ಬಿದ್ದುಹೋಗುತ್ತದೆ ಎನ್ನುವುದು.

"ಅಂದ್ರೆ ಗೆದ್ದಿದ್ನೂ ಕಿತ್ಕಂತಾರಾ?"

"ಕಿತ್ಕೊಳೋದಲ್ಲ ಅಪ್ಪ. ಮುಂದಿನ ವರ್ಷ ಅದೇ ವಾರ ಮತ್ತೆ ಗೆದ್ರೆ ಅಷ್ಟೇ ಉಳಿಯುತ್ತೆ. ಇಲ್ಲಾಂದ್ರೆ ಹೋಗುತ್ತೆ. ದೊಡ್ಡ ಆಟಗಾರರಿಗೂ ಹಂಗೇ."

"ಒಲ ಕಿತ್ಕಂಡಂಗೇ ಆಯ್ತು," ಎಂದು ಎದ್ದು ಹೋದರು. ಆದರೆ ಆವತ್ತಿನಿಂದ ಅವರಿಗೆ ಲೆಕ್ಕ ಸಿಕ್ಕಿತು. ಒಂದು ವರ್ಷದೊಳಗೆ ಇನ್ನೆರಡು ಕಡೆ ಗೆಲ್ಲಬೇಕು. ಮೂರೂ ಪಾಯಿಂಟು ಒಂದೇ ಸಮಯದಲ್ಲಿ ಬದುಕಿರಬೇಕು. ಆಗ ಹೆಸರು ಬರುತ್ತದೆ.

ಎರಡನೆಯ ಪಾಯಿಂಟ್ ಬಂದದ್ದು ಆರು ತಿಂಗಳ ನಂತರ, ನಮ್ಮ ಊರಿನಲ್ಲೇ. ಎಲೆಕ್ಟ್ರಾನಿಕ್ ಸಿಟಿ ದಾಟಿ ಆನೇಕಲ್ ರಸ್ತೆಯಲ್ಲಿ ಒಂದು ಖಾಸಗಿ ಅಕಾಡೆಮಿಯ ಕೋರ್ಟುಗಳಲ್ಲಿ ಟೂರ್ನಿ. ಮೊದಲ ಸುತ್ತಿನಲ್ಲಿ ನನ್ನ ಎದುರಿಗೆ ಬಿದ್ದವಳು ನನ್ನ ಒಬ್ಬಳೇ ಗೆಳತಿ. ಹಾವೇರಿ ಕಡೆಯವಳು, ಅವಳ ಅಪ್ಪ ಅಮ್ಮ ಇಬ್ಬರೂ ಕಂಪನಿ ಕೆಲಸದವರು, ಅಲ್ಲೇ ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ವಾಸ. ಟೂರ್ನಿಗೆ ಹೋದ ಊರುಗಳಲ್ಲಿ ನಾವಿಬ್ಬರೂ ಒಂದೇ ರೂಮಿನಲ್ಲಿ ಉಳಿಯುತ್ತಿದ್ದೆವು. ಬಟ್ಟೆ ಬದಲಿಸುವಾಗ ನನ್ನ ಮೈಮೇಲಿನ ನೀಲಿ ಕಲೆಗಳನ್ನು ನೋಡಿ ಅವಳು ಏನೂ ಕೇಳುತ್ತಿರಲಿಲ್ಲ. ಅವರ ಮನೆಯಿಂದ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನು ನನ್ನ ಕಡೆ ತಳ್ಳಿ, "ತಿನ್ನ ಮೊದಲ," ಎನ್ನುತ್ತಿದ್ದಳು.

ಒಂದೊಂದು ಸೆಟ್ ಗೆದ್ದು ಮೂರನೆಯದರಲ್ಲಿ ನಾಲ್ಕು-ನಾಲ್ಕು. ಅವಳು ಕೈಗೆಟುಕದ ಒಂದು ಚೆಂಡನ್ನು ಹೇಗೋ ಮೇಲಕ್ಕೆತ್ತಿ ಹಿಂದಿರುಗಿಸಿ ನೆಟ್ಟಿನ ಹತ್ತಿರವೇ ಸಿಕ್ಕಿಬಿದ್ದಳು. ಚೆಂಡು ಮೆಲ್ಲಗೆ ನನ್ನ ಎದುರಿಗೆ ಬಂತು. ಇಡೀ ಕೋರ್ಟು ಖಾಲಿ ಇತ್ತು, ಎಲ್ಲಿ ಬೇಕಾದರೂ ಹಾಕಬಹುದಿತ್ತು. ಬೇಲಿಯ ಆಚೆ ಅಪ್ಪ ಎದ್ದು ನಿಂತದ್ದು ಕಣ್ಣಂಚಿನಲ್ಲಿ ಕಂಡಿತು. ನಾನು ಪೂರ್ತಿ ತೋಳು ಬೀಸಿ ಅವಳ ಮುಖಕ್ಕೆ ಹೊಡೆದೆ.

ಎರಡು ಮಾರು ದೂರ. ಅವಳಿಗೆ ತಲೆ ತಿರುಗಿಸಲೂ ಸಮಯವಿರಲಿಲ್ಲ. ಕಾಯಿ ಒಡೆದಂಥ ಸದ್ದಾಯಿತು. ಅವಳು ಮಂಡಿಯೂರಿ ಕೂತು ಅಂಗೈಗೆ ಉಗುಳಿದಳು. ರಕ್ತದ ಜೊತೆ ಮುಂದಿನ ಹಲ್ಲಿನ ಅರ್ಧ ತುಂಡು ಬಂತು. ಅಂಥ ಹೊಡೆತ ಆಟದ ನಿಯಮದಲ್ಲಿ ತಪ್ಪಲ್ಲ. ಚೆಂಡು ತಗುಲಿದವರೇ ಪಾಯಿಂಟು ಕಳೆದುಕೊಳ್ಳುತ್ತಾರೆ. ಕೈ ಎತ್ತಿ ಕ್ಷಮೆ ಕೇಳುವುದು ರೂಢಿ. ನಾನು ಎತ್ತಲಿಲ್ಲ. ನೀಲಿ ನೆಲದ ಮೇಲೆ ಬಿದ್ದ ರಕ್ತವನ್ನು ಒರೆಸುವವರೆಗೆ ಗೆರೆಯ ಹಿಂದೆ ನಿಂತು ಬ್ಯಾಟಿನ ತಂತಿ ಸರಿಮಾಡುತ್ತಿದ್ದೆ. ಅವಳು ಬಾಯಿಗೆ ಹತ್ತಿ ಇಟ್ಟುಕೊಂಡು ಮತ್ತೆ ಆಡಿದಳು. ಆಮೇಲೆ ಒಂದು ಸಲವೂ ನೆಟ್ಟಿನ ಹತ್ತಿರ ಬರಲಿಲ್ಲ. ಉಳಿದ ಎರಡೂ ಗೇಮು ಬೇಗ ನನಗೇ ಬಂದವು.

ಪಂದ್ಯ ಮುಗಿದ ಮೇಲೆ ಅವಳ ಅಮ್ಮ ನನ್ನ ಹತ್ತಿರ ಬಂದರು. ಬೈಯುತ್ತಾರೆಂದುಕೊಂಡೆ. ನನ್ನ ಮುಖ ನೋಡಿ, "ಇಷ್ಟ್ ಸಿಟ್ಟು ಎಲ್ಲಿಂದ ಬಂತವಾ ನಿನಗ?" ಎಂದರು, ಅಷ್ಟೇ.

ಅಪ್ಪ ನನ್ನನ್ನು ತಬ್ಬಿಕೊಂಡರು. ನನಗೆ ನೆನಪಿರುವ ಹಾಗೆ ಅದು ಮೊದಲನೆಯ ಸಲ. "ಇವತ್ತು ಆಡ್ದೆ ನೋಡು ಆಟ!" ಎಂದು ಹಣೆಗೆ ಮುತ್ತಿಟ್ಟರು. ಹೊಸೂರು ರಸ್ತೆಯ ಮೇಲ್ಸೇತುವೆಯ ಮೇಲೆ ಗಾಡಿ ಓಡಿಸುತ್ತಾ ದಾರಿಯುದ್ದಕ್ಕೂ ಆ ಒಂದು ಹೊಡೆತವನ್ನೇ ಮತ್ತೆ ಮತ್ತೆ ವರ್ಣಿಸಿದರು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು, ಅವರು ಇನ್ನೂ ಸ್ವಲ್ಪ ಹೇಳಲಿ ಎಂದು ಕಾಯುತ್ತಿದ್ದೆ.

ಆಮೇಲಿನ ತಿಂಗಳುಗಳಲ್ಲಿ ಆಡಿದ ಟೂರ್ನಿಗಳಲ್ಲೆಲ್ಲ ಮೊದಲ ಸುತ್ತಿನಲ್ಲೇ ಸೋತೆ. ಗೆಳತಿ ನನ್ನ ಜೊತೆ ಮಾತು ಬಿಟ್ಟಳು. ಟೂರ್ನಿಗಳಲ್ಲಿ ಬೇರೆ ರೂಮು ಹಿಡಿದಳು. ಹಲ್ಲು ಕಟ್ಟಿಸಿಕೊಂಡು ಬಂದು ಒಂದರ ಹಿಂದೊಂದು ಗೆದ್ದಳು, ಪಟ್ಟಿಯಲ್ಲಿ ಅವಳ ಹೆಸರೂ ಬಂತು. ಅಪ್ಪ ಅದನ್ನು ನನಗೆ ಓದಿ ತೋರಿಸಿ ಸೊಂಟದ ಬೆಲ್ಟು ಬಿಚ್ಚಿದರು. ಅಮ್ಮನ ಗುಳಿಗೈಯ ಉಪಾಯ ಆ ವರ್ಷ ನಡೆಯಲೇ ಇಲ್ಲ. ನಾನೂ ಕೆಟ್ಟಿದ್ದೆ. ಸೋತಾಗ ಬ್ಯಾಟು ನೆಲಕ್ಕೆ ಬಡಿದು ಮುರಿಯುತ್ತಿದ್ದೆ. ಒಮ್ಮೆ ಗೆರೆಯೊಳಗೆ ಬಿದ್ದ ಚೆಂಡನ್ನು ಹೊರಗೆ ಎಂದ ಹುಡುಗಿಯ ಜಡೆ ಹಿಡಿದು ಬಚ್ಚಲುಮನೆಯ ಗೋಡೆಗೆ ಒತ್ತಿದ್ದೆ. ಅವಳು ಯಾರಿಗೂ ದೂರು ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮೊದಲ ಪಾಯಿಂಟು ಬೀಳುವುದಕ್ಕೆ ಮುಂಚೆ ಕೊನೆಯದಾಗಿ ಒಂದು ಟೂರ್ನಿ ಉಳಿದಿತ್ತು, ವೈಟ್‌ಫೀಲ್ಡಿನಲ್ಲಿ. ಅಲ್ಲಿ ಒಂದು ಸುತ್ತು ಗೆದ್ದರೆ ಮೂರು ಪಾಯಿಂಟೂ ಒಂದೇ ಒಂದು ವಾರ ಒಟ್ಟಿಗೆ ನಿಲ್ಲುತ್ತಿದ್ದವು. ಮುಂದಿನ ಸೋಮವಾರ ಹಳೆಯದು ಬಿದ್ದು ಹೆಸರು ಮತ್ತೆ ಅಳಿಸಿಹೋಗುತ್ತಿತ್ತು. "ಒಂದ್ವಾರನಾದ್ರೂ ಸಾಕು," ಎಂದರು ಅಪ್ಪ. "ಪ್ರಿಂಟ್ ತಗ್ಸಿ ಕಟ್ಟಾಕ್ಸಿಬಿಡ್ತೀನಿ." ನಾನು ಅರ್ಹತಾ ಸುತ್ತುಗಳನ್ನು ಹೇಗೋ ದಾಟಿದೆ. ಅರ್ಹತಾ ಸುತ್ತಿಗೆ ಪಾಯಿಂಟು ಇರಲಿಲ್ಲ. ಮುಖ್ಯ ಸುತ್ತಿನ ಜೋಡಿಗಳನ್ನು ಚೀಟಿ ಎತ್ತಿ ಆರಿಸಿದಾಗ ನನ್ನ ಹೆಸರಿನ ಎದುರಿಗೆ ಗೆಳತಿಯ ಹೆಸರೇ ಬಂತು.

ಪಂದ್ಯದ ಹಿಂದಿನ ದಿನ ಸಂಜೆ ನಾಲ್ಕು ಗಂಟೆಗೆ ಅಪ್ಪ ನನ್ನನ್ನು ಹಿಂದಿನ ಕೋರ್ಟಿಗೆ ಕರೆದರು. ನೆಟ್ಟಿನ ಆ ಕಡೆ, ಆಳೆತ್ತರದ ಕೋಲು ನೆಟ್ಟು ಅದರ ತುದಿಗೆ ಒಂದು ಬಕೆಟ್ ಬೋರಲು ಹಾಕಿದ್ದರು.

"ಇದು ಅವ್ಳ್ ಮೂತಿ. ಒಡಿ."

"ಅಪ್ಪ, ಬೇಡ."

"ಒಂದ್ಸಲ ಒಡುಸ್ಕಂಡೋಳು ಎದ್ರಿರ್ತಾಳೆ. ಮೊದುಲ್ನೇ ಗೇಮಲ್ಲೇ ಇನ್ನೊಂದು ಕೊಟ್ಬುಡು. ಆಟ ಅಲ್ಲಿಗೇ ಮುಗೀತದೆ."

"ನಾನು ಹಂಗೆ ಆಡಲ್ಲ. ಸೋತ್ರೂ ಪರವಾಗಿಲ್ಲ."

ಅವರು ನೆಟ್ಟು ಬಳಸಿ ನಿಧಾನವಾಗಿ ನಡೆದು ಬಂದರು. ಕೈಯಲ್ಲಿ ಬ್ಯಾಟಿತ್ತು. ಅದರ ಚೌಕಟ್ಟಿನ ಅಂಚಿನಿಂದ ನನ್ನ ಬಲ ಮುಂಗೈಗೆ ಹೊಡೆದರು. ನಾನು ಆಡುವ ಕೈಗೆ. ಹಿಂದೆ ಎಂದೂ ಆ ಕೈಯನ್ನು ಅವರು ಮುಟ್ಟಿರಲಿಲ್ಲ. ಎರಡನೆಯ ಸಲ ಎತ್ತಿದಾಗ ನಾನು ಬ್ಯಾಟನ್ನು ಎಡಗೈಯಲ್ಲಿ ಹಿಡಿದುಕೊಂಡೆ. ಇಬ್ಬರೂ ಎಳೆದಾಡಿದೆವು. ಗರಡಿಯ ಮೈ, ಆದರೂ ಐವತ್ತು ದಾಟಿತ್ತು, ಮೇಲುಸಿರು ಬರುತ್ತಿತ್ತು. ನಾನು ತಿರುಚಿ ಕಿತ್ತುಕೊಂಡೆ.

ಅಷ್ಟಕ್ಕೇ ಬಿಟ್ಟು ಓಡಿಹೋಗಬಹುದಿತ್ತು. ಹೋಗಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ಅವರೇ ಕಲಿಸಿದಂತೆ ಭುಜ ತಿರುಗಿಸಿ, ಅವರ ಕತ್ತಿನ ಬುಡಕ್ಕೆ ಬೀಸಿದೆ. ಮೂಳೆ ಮುರಿದದ್ದು ಹಿಡಿಕೆಯ ಮೂಲಕ ನನ್ನ ಕೈಗೆ ಗೊತ್ತಾಯಿತು. ಅವರು ಕೆಳಗೆ ಬಿದ್ದ ಮೇಲೆ ತೊಡೆಗೆ ಹೊಡೆದೆ, ಬೆನ್ನಿಗೆ ಹೊಡೆದೆ. ಎಷ್ಟು ಸಲ ಎಂದು ನನಗೆ ಗೊತ್ತಿಲ್ಲ. ನನ್ನ ಮೈಯಲ್ಲಿ ಅಂಥ ಹಗುರ ಮೊದಲೆಂದೂ ಇರಲಿಲ್ಲ ಎನ್ನುವುದು ಮಾತ್ರ ಗೊತ್ತು. ಅದನ್ನು ಬರೆಯಲು ಈಗಲೂ ಹೆದರಿಕೆಯಾಗುತ್ತದೆ, ಆದರೆ ಅದು ನಿಜ.

ಪ್ರೆಸ್ ಶಾಪಿನ ಯಂತ್ರ ನಿಂತಿತು. ಕೆಲಸದವರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಅಷ್ಟು ವರ್ಷ ಯಂತ್ರ ನಿಲ್ಲಿಸದವರು. ಅಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. ನನಗೆ ಹೊಡೆಯಲಿಲ್ಲ, ಅಪ್ಪನನ್ನು ಎತ್ತಲೂ ಇಲ್ಲ. ನಮ್ಮಿಬ್ಬರ ನಡುವೆ ನೆಲದ ಮೇಲೆ ಕುಕ್ಕರಿಸಿ, "ಸಾಕಾ?" ಎಂದಳು. ಯಾರನ್ನು ಕೇಳಿದಳೋ ಈವರೆಗೆ ನಾನು ವಿಚಾರಿಸಿಲ್ಲ.

ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಪ್ರತಿ ಹಳ್ಳಕ್ಕೂ ಅಪ್ಪ ಹಲ್ಲು ಕಚ್ಚುತ್ತಿದ್ದರು. ಡ್ಯೂಟಿ ಡಾಕ್ಟರಮ್ಮ ಎಕ್ಸ್-ರೇ ನೋಡಿ, "ಹೇಗಾಯ್ತು ಇದು?" ಎಂದು ಕೇಳಿದರು.

"ಬಿದ್ದೆ," ಎಂದರು ಅಪ್ಪ. "ಮೆಟ್ಲಲ್ಲಿ ಜಾರ್ದೆ."

ನಾನು ಅಷ್ಟು ವರ್ಷ ಸುಳ್ಳು ಹೇಳಿದ್ದ ದನಿಯಲ್ಲೇ ಹೇಳಿದರು; ಕಣ್ಣು ಬೇರೆ ಕಡೆ ಇಟ್ಟು, ಬೇಗ ಬೇಗ. ನನಗೆ ತಡೆಯಲಾಗಲಿಲ್ಲ.

"ಬಿದ್ದಿಲ್ಲ ಮೇಡಂ. ನಾನು ಹೊಡೆದೆ."

ಡಾಕ್ಟರಮ್ಮ ನನ್ನ ಊದಿದ ಮುಂಗೈ ನೋಡಿದರು, ಅಪ್ಪನ ಮುಖ ನೋಡಿದರು. ಪೊಲೀಸರಿಗೆ ತಿಳಿಸಬೇಕಾಗುತ್ತದೆ ಎಂದರು. ತಿಳಿಸಿದರು ಕೂಡ. ಒಬ್ಬ ಪೇದೆ ಬಂದು ಮಂಚದ ಪಕ್ಕ ನಿಂತಾಗ ಅಪ್ಪ, "ನಮ್ಮನೆ ವಿಷ್ಯ ಸಾರ್, ದೂರಿಲ್ಲ," ಎಂದು ಪೆಟ್ಟಾಗದ ಎಡಗೈಯಿಂದ ಹೆಬ್ಬೆಟ್ಟೊತ್ತುವವರಂತೆ ಸಹಿ ಹಾಕಿದರು. ಅವನು ಹೋದ ಮೇಲೆ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ: "ನಾಳೆ ಎಷ್ಟೊತ್ಗೆ ಮ್ಯಾಚು?"

ನಾನು ಹೋದೆ. ಯಾಕೆ ಹೋದೆನೆಂದು ನನಗೇ ಸ್ಪಷ್ಟವಿರಲಿಲ್ಲ. ಪೀಣ್ಯದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ವೈಟ್‌ಫೀಲ್ಡಿನವರೆಗೆ ನಿಂತೇ ಬಂದೆ. ಕೊರಳಿಗೆ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡವರ ನಡುವೆ ನನ್ನ ಕೈ ತೊಗಲು ಬಿರಿಯುವಷ್ಟು ಊದಿತ್ತು.

ಪಂದ್ಯ ಒಂದು ಗಂಟೆಯೂ ನಡೆಯಲಿಲ್ಲ. ಹಿಡಿಕೆ ಬಿಗಿಹಿಡಿಯಲು ಆಗುತ್ತಿರಲಿಲ್ಲ. ಎರಡನೆಯ ಸೆಟ್ಟಿನಲ್ಲಿ ಒಂದು ಸಲ ಅವಳು ನೆಟ್ಟಿನ ಹತ್ತಿರ ಸಿಕ್ಕಿಬಿದ್ದಳು, ಚೆಂಡು ಎತ್ತರಕ್ಕೆ ನನ್ನ ಕಡೆ ಬಂತು. ನಾನು ಇನ್ನೂ ಬ್ಯಾಟು ಎತ್ತಿರಲಿಲ್ಲ, ಅಷ್ಟರಲ್ಲೇ ಅವಳು ಬೆನ್ನು ತಿರುಗಿಸಿ, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕುಗ್ಗಿ ನಿಂತಳು. ಅಂಪೈರು, ನೋಡುವವರು, ಎಲ್ಲರ ಎದುರಿಗೆ. ಚೆಂಡು ನನ್ನ ಪಕ್ಕದಲ್ಲೇ ಬಿದ್ದು ಹಿಂದಕ್ಕೆ ಉರುಳಿತು. ನಾನು ಹೊಡೆಯಲೇ ಇಲ್ಲ. ಆ ಪಾಯಿಂಟು ಅವಳಿಗೆ ಹೋಯಿತು, ಪಂದ್ಯವೂ ಹೋಯಿತು.

ಕೈ ಕುಲುಕುವಾಗ ಅವಳು ನನ್ನ ಮುಂಗೈ ನೋಡಿದಳು.

"ನಿಮ್ಮಪ್ಪಾರ?"

"ಹೂಂ. ಅವತ್ತೂ... ಅವರೇ ಬೇಲಿ ಹತ್ರ ನಿಂತಿದ್ರು ಕಣೇ. ನಂಗೆ..."

"ಅವರನ್ನ ಮುಂದ ಮಾಡಬ್ಯಾಡ," ಎಂದಳು. ದನಿ ಎತ್ತರಿಸಲಿಲ್ಲ. "ಬ್ಯಾಟ್ ನಿನ್ನ ಕೈಯಾಗಿತ್ತು. ಹೊಡಸ್ಕೊಂಡರ ಹೆಂಗಿರ್ತೈತಿ ಅಂತ ನಿನಗ ಗೊತ್ತಿತ್ತು. ಗೊತ್ತಿದ್ದೂ ಹೊಡದಿ."

ಕೈ ಬಿಟ್ಟು ಹೋದಳು. ನಾನು ಕ್ಷಮೆ ಕೇಳಿ ಆಮೇಲೆ ಮೂರು ಸಲ ಬರೆದೆ. ಉತ್ತರ ಬರಲಿಲ್ಲ. ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ.

ಸ್ವಲ್ಪ ದಿನಕ್ಕೆ ಮೊದಲ ಪಾಯಿಂಟು ಬಿತ್ತು. ಆರು ತಿಂಗಳಿಗೆ ಎರಡನೆಯದೂ ಬಿತ್ತು. ಆಗಲೇ ನಾನು ಆಡುವುದನ್ನು ಬಿಟ್ಟಿದ್ದೆ. ಅಪ್ಪನ ಭುಜಕ್ಕೆ ಪ್ಲೇಟು ಹಾಕಿದ್ದಾರೆ. ಬಲಗೈ ತಲೆಗಿಂತ ಮೇಲೆ ಏಳುವುದಿಲ್ಲ. ಅಂಗಿ ತೊಡಿಸುವುದು ಅಮ್ಮ. ಅವರು ಮತ್ತೆ ಯಾರ ಮೇಲೂ ಕೈ ಮಾಡಲಿಲ್ಲ. ಮನಸ್ಸು ಬದಲಾಗಿಯೋ, ಕೈ ಏಳದೆಯೋ ಹೇಳಲಾರೆ. ಹಿಂದಿನ ಕೋರ್ಟಿನಲ್ಲಿ ಈಗ ಪ್ರೆಸ್ ಶಾಪಿನವರ ತಗಡಿನ ಸುರುಳಿಗಳಿವೆ. ನಾನೂ ಅಪ್ಪನೂ ಮಾತಾಡುತ್ತೇವೆ: ಊಟ ಆಯ್ತಾ, ನೀರು ಬಂತಾ, ಅಷ್ಟರ ಮಟ್ಟಿಗೆ.

ನಾನು ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮಕ್ಕಳಿಗೆ ಟೆನಿಸ್ ಕಲಿಸಲು ಸೇರಿದೆ. ಹೊಡೆಯದೆ, ಬೈಯದೆ ಕಲಿಸುತ್ತೇನೆಂದು ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೆ. ಎರಡು ವರ್ಷ ಉಳಿಸಿಕೊಂಡೆ. ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಮಕ್ಕಳ ಪಂದ್ಯ ನಡೆಯುತ್ತಿತ್ತು. ಒಂಬತ್ತು ವರ್ಷದ ಹುಡುಗಿಯೊಬ್ಬಳು ಸುಲಭದ ಪಂದ್ಯ ಸೋತು ಹೊರಗೆ ಬಂದಳು. ಬೇಲಿಯ ಬಾಗಿಲಲ್ಲೇ ಅವಳ ಅಪ್ಪ, "ಇಷ್ಟೂ ಆಗಲ್ವಾ ನಿಂಗೆ?" ಎಂದು ತಲೆಯ ಹಿಂಭಾಗಕ್ಕೆ ಬಾರಿಸಿದ.

ನಾನು ಓಡಿಹೋದದ್ದು ನೆನಪಿದೆ. ಅವನ ಮಣಿಕಟ್ಟು ಹಿಡಿದು ಬೆನ್ನಿನ ಹಿಂದಕ್ಕೆ ತಿರುಚಿ, ಕೆನ್ನೆಯನ್ನು ತಂತಿಬೇಲಿಗೆ ಒತ್ತಿದೆ. "ಮೇಡಂ, ಬಿಡಿ ಮೇಡಂ, ಕೈ ಮುರಿಯುತ್ತೆ!" ಎಂದು ಅವನು ಕೂಗುತ್ತಿದ್ದ. ಮುರಿಯುವವರೆಗೆ ಎಷ್ಟು ಬಾಕಿ ಇದೆ ಎಂದು ನನ್ನ ಕೈಗೆ ಸರಿಯಾಗಿ ಗೊತ್ತಿತ್ತು. ಆ ಹಳೆಯ ಹಗುರ ಮತ್ತೆ ಮೈಗೇರುತ್ತಿತ್ತು. ಅಷ್ಟರಲ್ಲಿ ಯಾರೋ ನನ್ನ ಕಾಲಿಗೆ ಹೊಡೆಯುತ್ತಿರುವುದು ತಿಳಿಯಿತು. ಕೆಳಗೆ ನೋಡಿದೆ. ಆ ಹುಡುಗಿ ಅಳುತ್ತಾ ತನ್ನ ಪುಟ್ಟ ಬ್ಯಾಟಿನಿಂದ ನನ್ನ ಮೊಣಕಾಲಿಗೆ ಬಲವಿದ್ದಷ್ಟೂ ಬಾರಿಸುತ್ತಿದ್ದಳು.

"ಬಿಡು ನಮ್ಮಪ್ಪನ್ನ! ಬಿಡು!"

ಬಿಟ್ಟೆ. ಅವಳು ಅಪ್ಪನ ಸೊಂಟ ತಬ್ಬಿಕೊಂಡು ಅವನ ಹಿಂದೆ ಅಡಗಿ, ಅಲ್ಲಿಂದ ನನ್ನನ್ನು ನೋಡಿದಳು. ನಾನು ಅವಳ ಮುಂದೆ ಮಂಡಿಯೂರಿ ಏನೋ ಹೇಳಲು ಹೋದೆ. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.